ನೀರಿಗೆ ಒಂದೇ ಸೂತ್ರ ಸಿಕ್ಕಿದ್ದು ಹೇಗೆ? ಕ್ಯಾನಿಜಾರೊ ಕಥೆ

ನೀರು ಎಂದರೆ ಎಚ್₂ಓ ಎಂದು ಇವತ್ತು ಶಾಲಾ ಮಕ್ಕಳಿಗೂ ಗೊತ್ತು. ಆದರೆ 1850ರ ದಶಕದಲ್ಲಿ ರಸಾಯನ ವಿಜ್ಞಾನಿಗಳಲ್ಲೇ ಒಮ್ಮತ ಇರಲಿಲ್ಲ. ಆಮ್ಲಜನಕದ ಪರಮಾಣು ತೂಕ 8 ಎಂದು ಹಿಡಿದವರು ನೀರನ್ನು ಎಚ್‌ಓ ಎಂದೇ ಬರೆಯುತ್ತಿದ್ದರು. 16 ಎಂದವರು ಎಚ್₂ಓ ಎನ್ನುತ್ತಿದ್ದರು. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲಕ್ಕಂತೂ ಬೇರೆ ಬೇರೆಯವರು 19 ಬಗೆಯ ಸೂತ್ರ ಕೊಟ್ಟಿದ್ದರು!

ಈ ಗೋಜಲು ಬಿಡಿಸಿದವರು ಸ್ಟಾನಿಸ್ಲಾವೊ ಕ್ಯಾನಿಜಾರೊ. ಹುಟ್ಟಿದ್ದು 1826ರಲ್ಲಿ, ಸಿಸಿಲಿಯ ಪಲೆರ್ಮೊದಲ್ಲಿ. 1848ರ ಸಿಸಿಲಿ ದಂಗೆಯಲ್ಲಿ ಪಾಲ್ಗೊಂಡು, ಅದು ಸೋತಾಗ ಪ್ಯಾರಿಸ್‌ಗೆ ತಪ್ಪಿಸಿಕೊಂಡರು. ಮುಂದೆ ಜಿನೋವಾದಲ್ಲಿ ಪ್ರಾಧ್ಯಾಪಕರಾದರು. ಒಂದೇ ಉಷ್ಣತೆ, ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ ಎಂದು ಅವೊಗಾಡ್ರೊ 1811ರಲ್ಲೇ ಹೇಳಿದ್ದರು; ಹೆಚ್ಚಿನವರು ಕಿವಿಗೊಟ್ಟಿರಲಿಲ್ಲ. 1858ರಲ್ಲಿ ಕ್ಯಾನಿಜಾರೊ ಅದನ್ನೇ ಆಧಾರವಾಗಿಟ್ಟು ಪರಮಾಣು ತೂಕಗಳನ್ನು ಒಂದೇ ಕ್ರಮದಲ್ಲಿ ಲೆಕ್ಕಹಾಕಿ ತೋರಿಸಿದರು. 1860ರ ಕಾರ್ಲ್‌ಸ್ರೂಹೆ ಸಮ್ಮೇಳನದಲ್ಲಿ ಆ ಕಿರುಹೊತ್ತಿಗೆಯನ್ನು ಹಂಚಲಾಯಿತು. ಅಲ್ಲಿದ್ದ ಮೆಂಡಲೀವ್‌ಗೆ 1869ರ ಆವರ್ತಕ ಕೋಷ್ಟಕಕ್ಕೆ ದಾರಿ ಸಿಕ್ಕಿತು. ಕ್ಯಾನಿಜಾರೊ 1910ರಲ್ಲಿ ತೀರಿಕೊಂಡರು.

ಇವತ್ತು ಅಣುಗಳ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ತೊಡಕು ಮಾತ್ರ ಹಳೆಯದೇ. ಒಂದು ಸಾಫ್ಟ್‌ವೇರ್ ದೂರವನ್ನು ಆಂಗ್‌ಸ್ಟ್ರಾಮ್‌ನಲ್ಲಿ ಬರೆದರೆ ಇನ್ನೊಂದು ಬೋರ್‌ನಲ್ಲಿ ಬರೆಯುತ್ತದೆ. ಒಂದು ಬೋರ್ ಎಂದರೆ ಸುಮಾರು 0.529 ಆಂಗ್‌ಸ್ಟ್ರಾಮ್. ಬೋರ್ ಅಂಕಿಯನ್ನು ಆಂಗ್‌ಸ್ಟ್ರಾಮ್ ಎಂದು ಓದಿದರೆ ಅಣು ಹೆಚ್ಚುಕಡಿಮೆ ಎರಡರಷ್ಟು ದೊಡ್ಡದಾಗುತ್ತದೆ! ಲೆಕ್ಕ ಎಷ್ಟೇ ಚುರುಕಾಗಿರಲಿ, ಅಳತೆ ಮತ್ತು ಬರೆಯುವ ಕ್ರಮ ಎಲ್ಲರಿಗೂ ಒಂದೇ ಆಗಿರದಿದ್ದರೆ ಒಬ್ಬರ ಉತ್ತರ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದಿಲ್ಲ.