ಹಕ್ಕಿಗಳ ಬೆನ್ನು ಹತ್ತಿದ ಸಲೀಂ ಅಲಿ

ಹಕ್ಕಿಗಳನ್ನು ನೋಡಲು ಕಾಸು ಬೇಕಿಲ್ಲ. ಕಣ್ಣು, ಕಿವಿ, ಒಂದಿಷ್ಟು ತಾಳ್ಮೆ ಇದ್ದರೆ ಸಾಕು. ಈ ಸಣ್ಣ ಸಂತೋಷವನ್ನೇ ಬಾಳಿನ ಕೆಲಸವಾಗಿಸಿಕೊಂಡವರು ಡಾ. ಸಲೀಂ ಅಲಿ. ವಿಜ್ಞಾನ ಶಿಕ್ಷಕನಾದ ನಾನು ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅವರನ್ನು ನೆನೆಯುತ್ತೇನೆ. ಅಂಕ ಕಡಿಮೆ ಬಂದು ತಲೆ ತಗ್ಗಿಸಿ ನಿಂತ ಮಕ್ಕಳಿಗೆ ಹೇಳಲು ನನ್ನ ಬಳಿ ಇದಕ್ಕಿಂತ ಒಳ್ಳೆಯ ಕಥೆಯಿಲ್ಲ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಮೂರು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ಇಲ್ಲವಾದರು. ಸಾಕಿದವರು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ. ಹುಡುಗನಿಗೆ ಹತ್ತರ ಆಸುಪಾಸಿನ ವಯಸ್ಸು. ಏರ್‌ಗನ್ನಿನಿಂದ ಹೊಡೆದುರುಳಿಸಿದ ಗುಬ್ಬಿಯೊಂದರ ಕೊರಳಲ್ಲಿ ಹಳದಿ ಮಚ್ಚೆ ಕಂಡಿತು. ಇದ್ಯಾವ ಹಕ್ಕಿ? ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಸಂಗ್ರಹದಲ್ಲಿದ್ದ ಹಕ್ಕಿಗಳನ್ನೆಲ್ಲ ತೆರೆದು ತೋರಿಸಿದರು. ಮಗುವಿನ ಪ್ರಶ್ನೆಯನ್ನು ಹಿರಿಯರೊಬ್ಬರು ಗೌರವದಿಂದ ಕೇಳಿಸಿಕೊಂಡದ್ದರ ಫಲ ಎಷ್ಟು ದೊಡ್ಡದೆಂಬುದು ಮುಂದೆ ಗೊತ್ತಾಯಿತು.

ಓದಿನಲ್ಲಿ ಅವರು ಮುಂದಿರಲಿಲ್ಲ. 1913ರಲ್ಲಿ ಮೆಟ್ರಿಕ್ಯುಲೇಷನ್ ಹೇಗೋ ಪಾಸಾಯಿತು. ಕಾಲೇಜು ಅರ್ಧಕ್ಕೇ ನಿಂತಿತು. ಮನೆತನದ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರೂ ಮನಸ್ಸು ಅಲ್ಲಿನ ಕಾಡಿನ ಹಕ್ಕಿಗಳ ಮೇಲೇ ಇತ್ತು. ಪದವಿ ಇಲ್ಲದ ಕಾರಣಕ್ಕೆ ಸರ್ಕಾರಿ ಪಕ್ಷಿತಜ್ಞನ ಹುದ್ದೆ ಕೈತಪ್ಪಿತು. 1926ರಲ್ಲಿ ಮುಂಬಯಿ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ರಜೆ ಪಡೆದು ಜರ್ಮನಿಗೆ ಹೋಗಿ, ಪ್ರೊ. ಸ್ಟ್ರೆಸ್‌ಮನ್ ಅವರಲ್ಲಿ ಕಲಿತು 1930ರಲ್ಲಿ ಮರಳಿದಾಗ, ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಕೆಲಸವಿಲ್ಲದ ಅವರು ಪತ್ನಿ ತಹಮೀನಾ ಅವರೊಡನೆ ಕಿಹಿಮ್ ಎಂಬ ಕಡಲತೀರದ ಹಳ್ಳಿ ಸೇರಿದರು. ಮನೆಯ ಬಳಿಯೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ತಿಂಗಳುಗಟ್ಟಲೆ ಕೂತು ನೋಡಿದರು. ಗಂಡು ಹಕ್ಕಿ ಗೂಡನ್ನು ಅರ್ಧ ನೇಯ್ದು ಕಾಯುತ್ತದೆ. ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರಷ್ಟೇ ಅಲ್ಲಿ ಸಂಸಾರ. ಗೂಡು ಪೂರ್ತಿಯಾದ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈ ಹಾಕುತ್ತದೆ, ಇನ್ನೊಂದು ಹೆಣ್ಣಿಗಾಗಿ! ನಮ್ಮ ಕೆರೆ ಬಾವಿಗಳ ಬಳಿ ಈ ಗೂಡುಗಳನ್ನು ನಾವೆಲ್ಲ ನೋಡಿದ್ದೇವೆ. ಹೀಗೆ ನೋಡಿದವರು ವಿರಳ. ಹಕ್ಕಿಯನ್ನು ಅರಿಯುವುದೆಂದರೆ ಕೊಂದು, ಒಣಗಿಸಿ, ಪೆಟ್ಟಿಗೆಯಲ್ಲಿಡುವುದು ಎಂದೇ ಬಹುಮಟ್ಟಿಗೆ ತಿಳಿದಿದ್ದ ಕಾಲವದು. ಬದುಕಿರುವ ಹಕ್ಕಿಯ ದಿನಚರಿಯನ್ನು ಗಮನಿಸುವುದೂ ವಿಜ್ಞಾನವೆಂದು ಅವರು ತೋರಿಸಿಕೊಟ್ಟರು. ನಿರುದ್ಯೋಗದ ಆ ದಿನಗಳೇ ಅವರಿಗೆ ಹೆಸರು ತಂದವು.

ಮುಂದೆ ಸಂಸ್ಥಾನದಿಂದ ಸಂಸ್ಥಾನಕ್ಕೆ ಅಲೆದು ಹಕ್ಕಿಗಳ ಸಮೀಕ್ಷೆ ನಡೆಸಿದರು. 1939ರಲ್ಲಿ ತಹಮೀನಾ ತೀರಿಕೊಂಡರು. ಆ ದುಃಖದ ಬೆನ್ನಲ್ಲೇ ಅವರು ನಮ್ಮ ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದನ್ನು ಕಂಡು, ಅದನ್ನು ರಕ್ಷಿಸುವಂತೆ ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿ ದೋಣಿ ಹತ್ತಿಸುವಾಗ ಈ ಮಾತನ್ನು ನಾನು ಹೇಳದೆ ಬಿಡುವುದಿಲ್ಲ.

1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಅವರು ಬರೆದ ಪುಸ್ತಕ ಸಾಮಾನ್ಯರಿಗೂ ಹಕ್ಕಿ ನೋಡುವ ರುಚಿ ಹತ್ತಿಸಿತು. ಡಿಲನ್ ರಿಪ್ಲಿ ಅವರೊಡನೆ ಬರೆದ 10 ಸಂಪುಟಗಳ ಮಹಾಗ್ರಂಥ 1974ರಲ್ಲಿ ಪೂರ್ಣವಾಯಿತು. ಪದ್ಮಭೂಷಣ, ಪದ್ಮವಿಭೂಷಣ, ರಾಜ್ಯಸಭೆಯ ಸದಸ್ಯತ್ವ ಎಲ್ಲವೂ ಬಂದವು. 1987ರಲ್ಲಿ, 90 ದಾಟಿದ ಮೇಲೆ, ಅವರು ನಿಧನರಾದರು.

ವಿದ್ಯಾರ್ಥಿಗಳೇ, ಅಂಕಪಟ್ಟಿ ಬೇಡವೆಂದು ನಾನು ಹೇಳುತ್ತಿಲ್ಲ; ಓದಲೇಬೇಕು. ಆದರೆ ಅಂಕಪಟ್ಟಿಯಲ್ಲಿ ಸೇರದ ಕುತೂಹಲವೊಂದು ನಿಮ್ಮಲ್ಲಿದ್ದರೆ ಅದನ್ನು ಕೈಬಿಡಬೇಡಿ. ಶಾಲೆಯ ಅಂಗಳದಲ್ಲಿ ಗೊರವಂಕ, ಪಿಕಳಾರ, ತಂತಿಯ ಮೇಲೆ ಕಾಜಾಣ ದಿನವೂ ಇವೆ. ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ನಾಲ್ಕು ಹಾಳೆ ಸಾಕು. ನಾಳೆಯಿಂದಲೇ ಬರೆದಿಡಿ: ಯಾವ ಹಕ್ಕಿ, ಎಲ್ಲಿ, ಏನು ಮಾಡುತ್ತಿತ್ತು?