ಹೊಳೆಯ ಗುಣ ಬಲ್ಲ ಸರ್ ಎಂ. ವಿಶ್ವೇಶ್ವರಯ್ಯನವರು

ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಹೇಳಿದಾಗ ನನಗೆ ಮೊದಲು ನೆನಪಾದವರು ಸರ್ ಎಂ. ವಿಶ್ವೇಶ್ವರಯ್ಯನವರು. ಕನ್ನಂಬಾಡಿ ಕಟ್ಟೆ ಅಂದರೆ ವಿಶ್ವೇಶ್ವರಯ್ಯ ಎಂದು ಚಿಕ್ಕ ಮಕ್ಕಳೂ ಹೇಳ್ತಾರೆ. ಆದರೆ ಹೊಳೆಯ ಹೊಡೆತದಿಂದ ಊರು, ಸೇತುವೆಗಳನ್ನು ಉಳಿಸಲು ಅವರು ಪಟ್ಟ ಶ್ರಮ ಅಷ್ಟಾಗಿ ಯಾರಿಗೂ ತಿಳಿದಿಲ್ಲ. ನಮ್ಮ ಹಳ್ಳದ ಸೇತುವೆಯ ಪಾಡು ಕಂಡಿರುವ ನಾವು ಅದನ್ನು ತಿಳಿಯಲೇಬೇಕು.

ಅವರು 1860ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಎಳೆಯ ವಯಸ್ಸಿನಲ್ಲೇ ತಂದೆ ತೀರಿಹೋದರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿ 1881ರಲ್ಲಿ ಬಿ.ಎ. ಪಾಸಾದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿ ವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಹೊಸದರಲ್ಲೇ ಖಾನದೇಶದ ಕಡೆ ಹೊಳೆ ದಾಟಿಸಿ ನೀರಿನ ಕೊಳವೆ ಹಾಕುವ ಕೆಲಸ ಬಂತು. ಮಳೆ ಬಂದರೆ ತೋಡಿದ ಜಾಗಕ್ಕೆಲ್ಲ ಮರಳು ತುಂಬಿಕೊಳ್ಳುತ್ತಿತ್ತು. ಆದರೂ ಕೈಬಿಡದೆ ಮುಗಿಸಿದರು. ಹೊಳೆಯ ಗುಣ ಅವರಿಗೆ ಪರಿಚಯವಾದದ್ದು ಹೀಗೆ. ಮುಂದೆ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ, ನೀರು ಏರಿದಾಗ ತಾನಾಗಿ ತೆರೆದು ಇಳಿದಾಗ ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಮಾಡಿಸಿದರು.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಹರಿಯಿತು. ಸುಮಾರು 15,000 ಜನ ಸತ್ತರೆಂದು ಲೆಕ್ಕ. ಅಫ್ಜಲ್‌ಗಂಜ್ ಆಸ್ಪತ್ರೆಯ ಬಳಿಯ ಹುಣಸೇಮರ ಹತ್ತಿ ಕುಳಿತ ಸುಮಾರು 150 ಜನ ಬದುಕಿಕೊಂಡರು. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಈ ಮೂರು ಸೇತುವೆಗಳೂ ನೀರಿನ ಹೊಡೆತಕ್ಕೆ ಹಾಳಾದವು. 1578ರಲ್ಲಿ ಕಟ್ಟಿದ ಪುರಾನಾಪುಲ್ ಮಾತ್ರ ನಿಂತಿತು.

ಆಗ ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದಿಂದ ಕರೆ ಹೋಯಿತು. 1909ರಲ್ಲಿ ಬಂದ ಅವರು ಸೇತುವೆ ಬಿದ್ದ ಜಾಗವನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ಆ ನೀರು ಯಾವ ದಾರಿಯಲ್ಲಿ ಬಂತು ಎಂದು ಲೆಕ್ಕ ಹಾಕಿದರು. ಊರಿಗೆ ನೀರು ಹರಿದುಬರುವ ಪ್ರದೇಶದಲ್ಲಿ ಸುಮಾರು 800 ಕೆರೆಗಳಿದ್ದವು. ಅವುಗಳಲ್ಲಿ 200ಕ್ಕೂ ಹೆಚ್ಚು ಕೆರೆಗಳ ಏರಿ ಒಡೆದಿತ್ತು. ಮೇಲಿನ ಕೆರೆ ಒಡೆದರೆ ಆ ನೀರು ಕೆಳಗಿನ ಕೆರೆಗೆ ನುಗ್ಗುತ್ತದೆ, ಅದೂ ಒಡೆಯುತ್ತದೆ. ಮಳೆ ನೀರಿನ ಜೊತೆ ಕೆರೆಗಳ ನೀರೂ ಸೇರಿ ಪ್ರವಾಹ ಇನ್ನಷ್ಟು ಜೋರಾಗಿತ್ತು.

ಆದ್ದರಿಂದ ಊರಿಗಿಂತ ಮೇಲೆಯೇ ನೀರನ್ನು ತಡೆದು, ನಿಧಾನವಾಗಿ ಬಿಡಬೇಕು ಎಂದು ಸಲಹೆ ಕೊಟ್ಟರು. ಊರೊಳಗೆ ಹೊಳೆಯ ದಡ ಎತ್ತರಿಸಿ ಭದ್ರ ಮಾಡಲೂ ಹೇಳಿದರು. ಅದರಂತೆ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲೂ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲೂ ಆದವು.

ಆಮೇಲೆ ಮೈಸೂರಿನ ಚೀಫ್ ಇಂಜಿನಿಯರ್ ಆದದ್ದು, 1912ರಿಂದ 1918ರವರೆಗೆ ದಿವಾನರಾದದ್ದು, 1955ರಲ್ಲಿ ಭಾರತರತ್ನ ಬಂದದ್ದು ಎಲ್ಲರಿಗೂ ಗೊತ್ತೇ ಇದೆ. ತೊಂಬತ್ತು ದಾಟಿದ ಮೇಲೂ ಬಿಹಾರದಲ್ಲಿ ಗಂಗಾನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಅವರ ಸಲಹೆ ಕೇಳಿದರು. ಗಂಗೆ ದಡ ಕೊರೆದು ಪಾತ್ರ ಬದಲಾಯಿಸುವ ನದಿ. ಇವತ್ತು ಇದ್ದ ಕಡೆ ನಾಳೆ ಇರಲ್ಲ. ಅಂಥ ಕಡೆ ಜಾಗ ಆರಿಸುವುದೇ ಅರ್ಧ ಕೆಲಸ. ಅವರ ಸಲಹೆಯ ಆಧಾರದ ಮೇಲೆ ಮೊಕಾಮಾದ ಹತ್ತಿರ ಕಟ್ಟಿದ ಸೇತುವೆ 1959ರಲ್ಲಿ ಉದ್ಘಾಟನೆಯಾಯಿತು. ಮೂರು ವರ್ಷದ ನಂತರ, 1962ರಲ್ಲಿ, ನೂರು ದಾಟಿದ ಆ ಹಿರಿಯ ಜೀವ ಕಣ್ಣು ಮುಚ್ಚಿತು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿ ಇದೆ.

ಇನ್ನು ನಮ್ಮ ಊರಿನ ಮಾತು. ಸಂಘ ಶುರುವಾದ ಮೂರನೇ ವರ್ಷದ ಮಳೆಯಲ್ಲಿ ಹಳ್ಳದ ಸೇತುವೆ ಪಕ್ಕದ ರಸ್ತೆ ಕೊಚ್ಚಿಹೋಗಿ, ಗೊಬ್ಬರದ ಲಾರಿ ಆಚೆ ದಡದಲ್ಲೇ ನಿಂತಿತು. ಮೂಟೆಗಳನ್ನು ಹೆಗಲ ಮೇಲೆ ಹೊತ್ತು ತಂದೆವು. ಎಲ್ಲರೂ ಮಳೆಯನ್ನೇ ಬೈದೆವು. ಆದರೆ ಕೆರೆಯಲ್ಲಿ ಇನ್ನೊಂದು ಮೊಳ ನೀರು ನಿಲ್ಲಲಿ ಅಂತ ಕೋಡಿಗೆ ಕಲ್ಲು ಮಣ್ಣು ಒಟ್ಟಿದವರು ನಾವೇ. ಕೋಡಿ ಕಟ್ಟಿದ್ದಕ್ಕೇ ಏರಿ ಒಡೆಯಿತು. ಸೇತುವೆ ಕಂಬದ ಬುಡದಿಂದ ಮರಳು ತುಂಬಿದ್ದೂ ನಮ್ಮ ಗಾಡಿಗಳೇ. ಅದರಲ್ಲಿ ನನ್ನದೂ ಒಂದು.

ಕಂಬಕ್ಕೆ ಬಡಿದ ನೀರು ಕೆಳಕ್ಕಿಳಿದು ಬುಡದ ಮರಳನ್ನು ತೋಡ್ತದೆ. ಪ್ರವಾಹ ಇಳಿಯುವಾಗ ಅದೇ ಗುಂಡಿಗೆ ಮರಳು ಬಂದು ಕೂರ್ತದೆ. ಮೇಲಿಂದ ನೋಡಿದರೆ ಎಲ್ಲಾ ಸರಿಯಾಗಿದ್ದಂತೆ ಕಾಣ್ತದೆ, ಒಳಗೆ ಹಿಡಿತ ಇರೋದಿಲ್ಲ. ಕಣ್ಣಿನ ಕೆಳಗೆ ಸಿಕ್ಕಿಕೊಂಡ ಮರ, ಮುಳ್ಳುಕಂಟಿ ನೀರನ್ನು ತಡೆದರೆ, ಅದು ಪಕ್ಕದ ಮಣ್ಣನ್ನು ಕೊರೆದು ಬೇರೆ ದಾರಿ ಮಾಡಿಕೊಳ್ತದೆ. ನಮ್ಮ ರಸ್ತೆ ಹೋದದ್ದೂ ಹೀಗೆಯೇ.

ಮುಂದಿನ ಮಹಾಸಭೆಯಲ್ಲಿ ನಾನೊಂದು ವಿಷಯ ಇಡುತ್ತೇನೆ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಮನೆಗೊಬ್ಬರಂತೆ ಒಂದು ದಿನ ಶ್ರಮದಾನ ಮಾಡಿ ಕೆರೆ ಕೋಡಿ ಬಿಡಿಸೋಣ, ಏರಿಯ ಬಿಲಗಳನ್ನು ಮುಚ್ಚೋಣ, ಸೇತುವೆ ಕಣ್ಣುಗಳನ್ನು ಚೊಕ್ಕಟ ಮಾಡೋಣ. ಕಂಬದ ಹತ್ತಿರ ಯಾರೂ ಮರಳು ತೆಗೆಯಬಾರದು, ನಿರ್ದೇಶಕರಾದ ನಾವೂ ಸೇರಿ. ಸದಸ್ಯ ಬಾಂಧವರು ಒಪ್ಪಬೇಕೆಂದು ವಿನಂತಿಸಿ, ಆ ಮಹಾನುಭಾವರಿಗೆ ನಮಿಸಿ ಮುಗಿಸುತ್ತೇನೆ.