ನಟನ ಕೈಹಿಡಿದ ಬಾಲಕ

1914ರಲ್ಲಿ ಲಂಡನ್ನಿನಲ್ಲಿ ಜನಿಸಿದ ಅಲೆಕ್ ಗಿನ್ನೆಸ್ ತಂದೆ ಯಾರೆಂದರಿಯದೆ ಬೆಳೆದವರು. ರಂಗಭೂಮಿಯಲ್ಲಿ ಪಳಗಿ ಚಿತ್ರರಂಗ ಪ್ರವೇಶಿಸಿದ ಅವರು, 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ ಚಿತ್ರದಲ್ಲಿ ಒಂದೇ ಮನೆತನದ ಹಲವು ಪಾತ್ರಗಳನ್ನು ತಾವೊಬ್ಬರೇ ನಿರ್ವಹಿಸಿ ಪ್ರಖ್ಯಾತರಾದರು.

1954ರಲ್ಲಿ ತೆರೆಕಂಡ ‘ಫಾದರ್ ಬ್ರೌನ್’ ಚಿತ್ರದಲ್ಲಿ ಅವರದು ಗುರುಗಳ ಪಾತ್ರ. ಫ್ರಾನ್ಸಿನ ಹಳ್ಳಿಯೊಂದರಲ್ಲಿ ಚಿತ್ರೀಕರಣ ನಡೆದಿದ್ದಾಗ, ಒಂದು ಸಂಜೆ ನಿಲುವಂಗಿಯಲ್ಲೇ ಹೋಗುತ್ತಿದ್ದ ಅವರನ್ನು ನಿಜವಾದ ಗುರುಗಳೆಂದು ಬಗೆದ ಬಾಲಕನೊಬ್ಬ ಕೈಹಿಡಿದು, ಹರಟುತ್ತಾ ಜೊತೆಯಲ್ಲಿ ನಡೆದನು. ತಮ್ಮ ಫ್ರೆಂಚ್ ಕೇಳಿ ಹುಡುಗ ಬೆದರಿಯಾನೆಂದು ಗಿನ್ನೆಸ್ ಮೌನವಾಗಿದ್ದರು. ಅಪರಿಚಿತ ಗುರುವಿನಲ್ಲಿಯೂ ಮಗುವಿಗೆ ಇಷ್ಟು ಭರವಸೆ ಮೂಡಿಸಿದ ಧರ್ಮಸಭೆಯ ಬಗೆಗೆ ಅವರಲ್ಲಿ ಬೇರೂರಿದ್ದ ಪೂರ್ವಗ್ರಹ ಸಡಿಲಗೊಂಡಿತು.

ಅದೇ ವರ್ಷಗಳಲ್ಲಿ ಅವರ ಏಕಮಾತ್ರ ಪುತ್ರ ಮ್ಯಾಥ್ಯೂ ಪೋಲಿಯೋ ಪೀಡಿತನಾದನು. ಕೆಲಸ ಮುಗಿಸಿ ಮನೆಗೆ ಮರಳುವಾಗ ತಂದೆ ಕಥೋಲಿಕ ದೇವಾಲಯವನ್ನು ಹೊಕ್ಕು ಪ್ರಾರ್ಥಿಸುತ್ತಿದ್ದರು. ಮಗ ಗುಣಮುಖನಾಗಿ, ಮುಂದೆ ಕಥೋಲಿಕನಾಗಬಯಸಿದರೆ ತಾವು ಅಡ್ಡಿಬರುವುದಿಲ್ಲವೆಂದು ದೇವರಿಗೆ ಮಾತುಕೊಟ್ಟರು. ಮಗ ಚೇತರಿಸಿಕೊಂಡನು. 1956ರಲ್ಲಿ ತಂದೆಯೇ ಧರ್ಮಸಭೆಯನ್ನು ಸೇರಿದರು. ಮರುವರ್ಷ ಪತ್ನಿ ಮೆರುಲಾ ಕೂಡ.

1957ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರಕ್ಕಾಗಿ ಅವರಿಗೆ ಶ್ರೇಷ್ಠ ನಟನೆಂಬ ಆಸ್ಕರ್ ಪ್ರಶಸ್ತಿ ಸಂದಿತು. 1979ರಲ್ಲಿ ಬಿಬಿಸಿ ಕಿರುತೆರೆಯಲ್ಲಿ ಗೂಢಚಾರ ಜಾರ್ಜ್ ಸ್ಮೈಲಿಯಾಗಿ ಮನೆಮಾತಾದರು. ಬೆಂಗಳೂರಿನ ಸುತ್ತಮುತ್ತಲೂ ಚಿತ್ರೀಕರಣಗೊಂಡ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಪ್ರೊಫೆಸರ್ ಗೋಡಬೋಲೆಯ ಪಾತ್ರ ಅವರದಾಗಿತ್ತು.

ಬಗೆಬಗೆಯ ವೇಷ ಧರಿಸಿ ಕಳಚಿದ ಈ ನಟ, ಅಂದು ಪಡೆದ ವಿಶ್ವಾಸವನ್ನು ಮಾತ್ರ 2000ದ ಆಗಸ್ಟ್ 5ರಂದು 86ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚುವವರೆಗೂ ಕಳಚಲಿಲ್ಲ.